ಪಾಪೆ ಕಿರಿದಾದರೂ ಭಯ, ಆಗದಿದ್ದರೂ ಭಯ

ಕೊಪ್ಪದ ಒಂದು ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷಿಸುವವನು ನಾನು. ಟಾರ್ಚ್ ಬಿಟ್ಟು ಪಾಪೆ ಕಿರಿದಾಗುತ್ತದೋ ಇಲ್ಲವೋ ನೋಡುವುದು ದಿನದ ಕೆಲಸ. ಹೆದರುವಂಥದ್ದೇನಿಲ್ಲ. ಆದರೂ ವಾರಕ್ಕೊಬ್ಬರು ಹೆದರಿ, ನನ್ನನ್ನೂ ಹೆದರಿಸಿಯೇ ಹೋಗುತ್ತಾರೆ.

೧. ಇದ್ದಾರೋ, ಹೋದರೋ

ಮೇಗುಂದದವರೊಬ್ಬರಿಗೆ ಪಾಪೆ ಅಗಲವಾಗುವ ಹನಿ ಹಾಕಿ ಕಳಿಸಿದ್ದೆ. ಮಧ್ಯಾಹ್ನವೇ ಜೀಪಿನಲ್ಲಿ ವಾಪಸ್ ಕರೆತಂದರು. ಹೆಂಡತಿ ಅಳುತ್ತಿದ್ದರು. ಗಂಡನ ಕೈ ಮುಟ್ಟಿದರೆ ತಣ್ಣಗಿತ್ತು.

"ಎಂತಾಯ್ತು?"

ಹೆಂಡತಿಯ ಅಪ್ಪ ತೀರಿಕೊಂಡಾಗ ಡಾಕ್ಟರು ಟಾರ್ಚ್ ಬಿಟ್ಟು, "ಪಾಪೆ ಕಿರಿದಾಗ್ತಿಲ್ಲ, ಹೋಗಿದ್ದಾರೆ" ಅಂದಿದ್ದರಂತೆ. ಈಗ ಹೆಂಡತಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಗಂಡನದ್ದೂ ಕಿರಿದಾಗಲಿಲ್ಲ!

"ಹನಿಯಿಂದ ಹಂಗಾಗಿದೆ, ನಾಳೆ ಸರಿಹೋಗ್ತದೆ" ಅಂದೆ.

ಗಂಡ ಸಣ್ಣ ದನಿಯಲ್ಲಿ ಕೇಳಿದರು: "ಹಂಗಾದ್ರೆ ನಾನು ಇದೀನಲ್ವಾ ಸಾರ್? ಒಂದು ಚೀಟಿ ಬರ್ದುಕೊಡಿ. ನೆಂಟರಿಗೆಲ್ಲ ಫೋನ್ ಹೋಗಿಯಾಗಿದೆ."

೨. ಮೊಟ್ಟೆ

ನರಸಿಂಹರಾಜಪುರದ ಕಣ್ಣಿನ ಶಿಬಿರಕ್ಕೆ, ಮೊದಲೇ ಪೊರೆ ತೆಗೆಸಿಕೊಂಡಿದ್ದ ಕಡಹಿನಬೈಲಿನ ಅಜ್ಜಿಯೊಬ್ಬರು ಬಂದಿದ್ದರು. ನಿದ್ದೆ ಬರುವುದಿಲ್ಲವಂತೆ.

"ಬೆಳಿಗ್ಗೆ ಹೊರಗೆ ಬೆಳಕಲ್ಲಿ ಕೂತ್ಕೊಳ್ಳಿ ಅಜ್ಜಿ. ಕಣ್ಣೊಳಗೆ ಮೆಲನಾಪ್ಸಿನ್ ಅಂತ ಒಂದು ಪ್ರೋಟೀನ್ ಇದೆ. ಬೆಳಗಾಯ್ತು ಅಂತ ಮೈಗೆ ತಿಳಿಸೋದು ಅದೇ" ಅಂದೆ.

ಅಜ್ಜಿಯ ಮುಖ ಬಿಳಿಚಿಕೊಂಡಿತು. "ಪ್ರೋಟೀನ್ ಅಂದ್ರೆ ಮೊಟ್ಟೆ ಅಲ್ವಾ? ಪೊರೆ ತೆಗೆವಾಗ ಹಾಕಿಬಿಟ್ರಾ? ನಾನು ಪೂಜೆಗೆ ಹೆಂಗೆ ಕೂರ್ಲಿ?"

"ಅಯ್ಯೋ, ಅದು ಹುಟ್ಟುವಾಗಲೇ ಇರ್ತದೆ! ಹೆಸರುಕಾಳಲ್ಲೂ ಪ್ರೋಟೀನ್ ಇಲ್ವಾ?"

ಅಜ್ಜಿ ಕಣ್ಣೊರೆಸಿಕೊಂಡರು. "ಹಂಗಾದ್ರೆ ನಂದು ಹೆಸರುಕಾಳಿಂದು. ಸೊಸೇದು ಮಾತ್ರ ಮೊಟ್ಟೇದೇ. ನೋಟದಲ್ಲೇ ಗೊತ್ತಾಗ್ತದೆ."

೩. ಹನ್ನೆರಡು ವರ್ಷ

ಕಿಗ್ಗದ ಯಜಮಾನರಿಗೆ ಹನ್ನೆರಡು ವರ್ಷದಿಂದ ಏನೂ ಕಾಣುವುದಿಲ್ಲ. ಜೋರಾಗಿ ಟಾರ್ಚ್ ಬಿಟ್ಟೆ. ಪಾಪೆ ನಿಧಾನವಾಗಿ ಕಿರಿದಾಯಿತು. ಅವರ ಹೆಂಡತಿಯೂ ಬಗ್ಗಿ ನೋಡಿದವರು ಗೋಡೆ ಹಿಡಿದುಕೊಂಡರು.

"ಇವರಿಗೆ ಕಾಣ್ತದಾ? ಇಷ್ಟು ವರ್ಷವೂ ಕಾಣ್ತಿತ್ತಾ?"

ನಾನು ಅವರನ್ನು ಕೂರಿಸಿ ನೀರು ಕೊಟ್ಟು ಹೇಳಿದೆ: "ಕಾಣೋದಿಲ್ಲಮ್ಮ. ನೋಡೋ ಜೀವಕೋಶಗಳು ಹೋಗಿವೆ. ಬೆಳಕನ್ನು ಹಿಡಿಯೋ ಬೇರೆ ಜೀವಕೋಶಗಳು ಉಳಿದಿವೆ, ಪಾಪೆ ಅವುಗಳ ಮಾತು ಕೇಳ್ತದೆ."

"ಸದ್ಯ!" ಎಂದು ಉಸಿರು ಬಿಟ್ಟರು. ಆಮೇಲೆ ನನ್ನ ಕಿವಿಯಲ್ಲಿ, "ಇವರು ರೇಗಿದಾಗೆಲ್ಲ ಎದುರಿಗೇ ನಿಂತು ನಾಲಿಗೆ ಚಾಚಿ ಅಣಕಿಸ್ತಿದ್ದೆ."

ಯಜಮಾನರ ಕಿವಿ ಚುರುಕು. "ಅದು ನಂಗೆ ಮೊದಲಿಂದ ಗೊತ್ತು ಮಾರಾಯ್ತಿ" ಅಂದರು.

ಹೆಂಡತಿ ಮತ್ತೆ ಗೋಡೆ ಹಿಡಿದರು. "ಹೆಂಗೆ?"

"ನಾಲಿಗೆ ಹೊರಗಿದ್ದಾಗ ನಿನ್ನ ಮಾತು ನಿಲ್ತದಲ್ಲ! ಅದಕ್ಕೇ ನಾನು ದಿನಕ್ಕೆ ನಾಲ್ಕು ಸಲ ರೇಗೋದು."