ಮೂರನೇ ವಲಯದಲ್ಲೊಂದು ಚೆರ್ರಿ ಮರ

ಜೆನೊನ್ ಮೆಲ್ನಿಕ್ ತನ್ನ ಮನೆಯ ಪಕ್ಕದ ಮೇಪಲ್ ಮರವನ್ನು ಕಡಿದು ಮುಗಿಸಿದ್ದು ಮಧ್ಯಾಹ್ನ ಹನ್ನೆರಡಕ್ಕೆ. ಪಶ್ಚಾತ್ತಾಪ ಶುರುವಾದದ್ದು ಹನ್ನೆರಡೂಕಾಲಿಗೆ. ನಡುವಿನ ಹದಿನೈದು ನಿಮಿಷ ಮಾತ್ರ ಅವನು ಪರಮಸುಖಿಯಾಗಿದ್ದ. (ಹೆಂಡತಿ ಸ್ಟೆಫ್ಕಾ ಇನ್ನೂ ಚರ್ಚಿನಿಂದ ಮನೆಗೆ ಬಂದಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.)

ಮರದ ಮೇಲೆ ಅವನಿಗಿದ್ದ ದೂರುಗಳು ಒಂದೆರಡಲ್ಲ. ಅದು ಸೊಟ್ಟಗಿತ್ತು. ಯಾರೂ ನೆಟ್ಟದ್ದಲ್ಲ, ತಾನೇ ಹುಟ್ಟಿ ತಾನೇ ಬೆಳೆದದ್ದು, ಆದ್ದರಿಂದ ಶಿಸ್ತೇ ಇರಲಿಲ್ಲ. ಶರತ್ಕಾಲದಲ್ಲಿ ಕೆಂಪು ಕಪ್ಪು ಹುಳಗಳನ್ನು ಸಾಲಾಗಿ ಮನೆಯೊಳಗೆ ಕಳಿಸುತ್ತಿತ್ತು. ಎಲ್ಲಕ್ಕಿಂತ ಘೋರ ಅಪರಾಧವೆಂದರೆ, ಬೇಸಿಗೆಯುದ್ದಕ್ಕೂ ಅವನ ಪಿಕಪ್ ಗಾಡಿಯ ಮೇಲೆ ಅಂಟು ಸುರಿಸುತ್ತಿತ್ತು. ಜೆನೊನ್ ಯಾರ್ಕ್‌ಟನ್ನಿನ ರೈಲುಹಳಿ ಪಕ್ಕದ ಧಾನ್ಯದ ಉಗ್ರಾಣದಲ್ಲಿ ನಲವತ್ತು ವರ್ಷ ರೈತರ ಗೋಧಿ ತೂಗಿದವನು. ನಿವೃತ್ತನಾದ ಮೇಲೆ ತೂಗಲು ಏನೂ ಉಳಿಯದೆ, ದಿನಕ್ಕೆರಡು ಸಲ ಗಾಡಿ ತೊಳೆಯುವುದನ್ನೇ ವ್ರತ ಮಾಡಿಕೊಂಡಿದ್ದ. ತೊಳೆದು ತಿರುಗುವಷ್ಟರಲ್ಲಿ ಮರ ಮೇಲಿಂದ ತೊಟಕ್ ಎನ್ನುತ್ತಿತ್ತು. ಕೊನೆಗೆ ಒಂದು ಶುಕ್ರವಾರ, ಪಕ್ಕದ ಮನೆಯ ಮಾರ್ವಿನ್ ಫ್ರೀಸೆನ್‌ನಿಂದ ಯಂತ್ರದ ಗರಗಸ ಕೇಳಿ ತಂದು ಧರ್ಮಯುದ್ಧ ಸಾರಿಯೇಬಿಟ್ಟ.

ಶುಕ್ರವಾರವೇ ಏಕೆಂದರೆ, ಅಂದು ಹೆಂಗಸರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ಪೆರೋಗಿ ಎಂಬ ಆಲೂಗಡ್ಡೆ ಕಡುಬು ಮಡಿಸುತ್ತಾರೆ.

ಹನ್ನೆರಡೂಕಾಲಿಗೆ ಸ್ಟೆಫ್ಕಾ ಬಂದಳು. ಕೈಯಲ್ಲಿ ಪೆರೋಗಿಯ ತಟ್ಟೆ. ಮರವಿದ್ದ ಜಾಗವನ್ನೊಮ್ಮೆ ನೋಡಿದಳು. ಗರಗಸ ಹಿಡಿದು ನಿಂತಿದ್ದ ಗಂಡನನ್ನೊಮ್ಮೆ ನೋಡಿದಳು. ಮರದ ಬುಡದಲ್ಲಿ ಸದಾ ಇರುತ್ತಿದ್ದ ತನ್ನ ಕುರ್ಚಿಗೆ ಹೋಗಿ ಕೂತಳು. ಬಿಸಿಲು ಸೀದಾ ಮುಖಕ್ಕೆ ಹೊಡೆಯಿತು. ಎರಡು ನಿಮಿಷ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದವಳು ಎದ್ದು ಒಳಗೆ ಹೋದಳು.

"ಜಾಗ ಎಷ್ಟು ಬೆಳಕಾಯ್ತಲ್ಲ?" ಎಂದ ಜೆನೊನ್, ಮುಚ್ಚಿದ ಬಾಗಿಲಿಗೆ.

ಆಮೇಲೆ ಒಂಬತ್ತು ದಿನ ಅವಳು ಅವನೊಂದಿಗೆ ಮಾತಾಡಲಿಲ್ಲ. ಸಂಸಾರದ ವ್ಯವಹಾರವೆಲ್ಲ ಬೇಲಿಯಾಚೆಯ ಮಾರ್ವಿನ್ ಮೂಲಕ ನಡೆಯಿತು. "ಮಾರ್ವಿನ್, ನಿನ್ನ ಪಕ್ಕದ ಮನೆಯವನಿಗೆ ಹೇಳು, ಬೋರ್ಷ್ ಒಲೆ ಮೇಲಿದೆ." ಗರಗಸ ಕೊಟ್ಟ ಪಾಪಕ್ಕೆ ಮಾರ್ವಿನ್ ತಲೆ ತಗ್ಗಿಸಿ, "ಜೆನೊನ್, ಬೋರ್ಷ್ ಒಲೆ ಮೇಲಿದೆಯಂತೆ," ಎನ್ನುತ್ತಿದ್ದ. ಇವನು "ಉಪ್ಪು ಎಲ್ಲಿದೆ ಕೇಳು," ಎನ್ನುತ್ತಿದ್ದ. ಅಷ್ಟರಲ್ಲಿ ಬೋರ್ಷ್, ಅಂದರೆ ಬೀಟ್‌ರೂಟಿನ ಸಾರು, ಆರುತ್ತಿತ್ತು.

ನಾಲ್ಕನೆಯ ದಿನ ಆರಿದ ಬೋರ್ಷ್ ಕುಡಿಯುತ್ತಿರುವಾಗ ಜೆನೊನನಿಗೆ ಜ್ಞಾನೋದಯವಾಯಿತು. ಹೋದ ವರ್ಷ ಏಪ್ರಿಲ್‌ನಲ್ಲಿ ವ್ಯಾಂಕೂವರಿಗೆ, ಸ್ಟೆಫ್ಕಾಳ ತಂಗಿಯ ಮನೆಗೆ ಹೋಗಿದ್ದಾಗ, ಬೀದಿಯುದ್ದಕ್ಕೂ ಚೆರ್ರಿ ಮರಗಳು ಗುಲಾಬಿ ಮೋಡದಂತೆ ಹೂ ಬಿಟ್ಟು ನಿಂತಿದ್ದವು. ಅಂಥದ್ದೊಂದರ ಕೆಳಗೆ ಬೆಂಚಿನ ಮೇಲೆ ಕೂತು ಸ್ಟೆಫ್ಕಾ ಉಸಿರು ಬಿಟ್ಟು, "ಆಹಾ, ಎಷ್ಟು ಹಾಯಾಗಿದೆ," ಎಂದಿದ್ದಳು. ಮದುವೆಯಾದ ಮೂವತ್ತೊಂಬತ್ತು ವರ್ಷಗಳಲ್ಲಿ ಅವಳು ಯಾವುದನ್ನಾದರೂ ಕೊಂಕಿಲ್ಲದೆ ಹೊಗಳಿದ್ದನ್ನು ಅವನು ಕೇಳಿದ್ದು ಅದೊಂದೇ ಸಲ. ಚೆರ್ರಿ! ಮೇಪಲ್ ಹೋದ ಜಾಗದಲ್ಲಿ ಚೆರ್ರಿ ನೆಟ್ಟರೆ ಅಪರಾಧವೇ ಉಡುಗೊರೆಯಾಗಿ ಮಾರ್ಪಡುತ್ತದೆ!

ಊರಾಚೆ ಐಲೀನ್ ಎಂಬಾಕೆಯ ಗಿಡಗಳ ತೋಟವಿದೆ. ಆಕೆ ಅವನನ್ನು ಸಾಲುಸಾಲಾಗಿ ಸುತ್ತಿಸಿದಳು. ಜೆನೊನ್ ಮಾತ್ರ ಹೆಣ್ಣು ನೋಡಲು ಹೋದ ಗಂಡಿನ ಕಡೆಯ ದೊಡ್ಡಪ್ಪನಂತೆ ಎಲ್ಲಕ್ಕೂ ಮೂಗು ಮುರಿದ. ಸೂಜಿ ಎಲೆಯ ಸ್ಪ್ರೂಸ್ ತೋರಿಸಿದರೆ, "ಸ್ಮಶಾನದ ಕಳೆ," ಎಂದ. ಕಾಡುಸೇಬು ತೋರಿಸಿದರೆ, "ಹಣ್ಣು ಗಾಡಿ ಮೇಲೆ ಬೀಳುತ್ತೆ." ಕೆಂಪು ಹಣ್ಣಿನ ರೋವನ್ ತೋರಿಸಿದರೆ, "ಹಕ್ಕಿಗಳು ಬರ್ತವೆ. ಬಂದ ಹಕ್ಕಿ ಸುಮ್ಮನೆ ಹೋಗುತ್ತಾ?" ಕೊನೆಗೆ ಐಲೀನ್ ಮೊಣಕಾಲೆತ್ತರದ ಓಕ್ ಸಸಿಯೊಂದನ್ನು ತೋರಿಸಿ, "ಇದನ್ನ ತಗೊಳ್ಳಿ. ಮೈನಸ್ ನಲವತ್ತಕ್ಕೂ ಜಗ್ಗಲ್ಲ," ಎಂದಳು.

"ಇದು ಮರಾನಾ? ಯಾರೋ ನೆಲಕ್ಕೆ ಚುಚ್ಚಿಟ್ಟ ಪೆನ್ಸಿಲ್ ಅಂದ್ಕೊಂಡೆ. ನನಗೆ ಚೆರ್ರಿ ಬೇಕು. ಗುಲಾಬಿ ಹೂವಿಂದು."

ಐಲೀನ್ ಕೈಗವಸು ತೆಗೆದು ಪಕ್ಕಕ್ಕಿಟ್ಟಳು. "ನೋಡಿ, ಮಿಸ್ಟರ್ ಮೆಲ್ನಿಕ್. ಚಳಿ ಹೆಚ್ಚಿದಷ್ಟೂ ವಲಯದ ನಂಬರ್ ಕಡಿಮೆ. ನಮ್ಮದು ಮೂರನೇ ವಲಯ. ನೀವು ಕೇಳ್ತಿರೋದು ಆರನೇ ವಲಯದ ಗಿಡ. ಮೂರರಲ್ಲಿ ಆರು ಹೋಗುತ್ತಾ?"

"ಹೋಗಲ್ಲ. ಆದ್ರೆ ಪಕ್ಕದ ಮನೆಯಿಂದ ಸಾಲ ತಗೊಂಡ್ರೆ ಹೋಗುತ್ತೆ. ನಮಗೆ ಶಾಲೇಲಿ ಹಾಗೇ ಕಲಿಸಿದ್ದು."

"ನಮ್ಮ ಪಕ್ಕದ ಮನೆ ಅಂದ್ರೆ ಮ್ಯಾನಿಟೋಬಾ ಪ್ರಾಂತ. ಅಲ್ಲೂ ಮೂರೇ ಇರೋದು."

ಜೆನೊನ್ ಟೋಪಿ ಹಾಕಿಕೊಂಡು ಹೊರಟ. ಸೀದಾ ರೆಜೈನಾಕ್ಕೆ, ಹೋಗುತ್ತ ಎರಡು ಗಂಟೆ, ಬರುತ್ತ ಎರಡು ಗಂಟೆ. ಅಲ್ಲಿ ಒಂದು ದೊಡ್ಡ ಅಂಗಡಿಯ ಅಂಗಳದಲ್ಲಿ, ಬ್ರಿಟಿಷ್ ಕೊಲಂಬಿಯಾದಿಂದ ಹಣ್ಣಿನ ಜೊತೆ ಗಿಡಗಳನ್ನೂ ಹೇರಿಕೊಂಡು ಬಂದ ಲಾರಿಯೊಂದು ನಿಂತಿತ್ತು. ಅದರಲ್ಲಿ ಅವನಿಗಿಂತ ಗೇಣುದ್ದ ಎತ್ತರದ ಚೆರ್ರಿ ಗಿಡ ಸಿಕ್ಕಿತು. ಕೊರಳಿಗೆ ಕಟ್ಟಿದ್ದ ಚೀಟಿಯ ಒಂದು ಕಡೆ ಗುಲಾಬಿ ಹೂಗಳ ಚಿತ್ರ, ಇನ್ನೊಂದು ಕಡೆ ದಪ್ಪಕ್ಷರದಲ್ಲಿ '6'. ಲಾರಿಯವನು ಮೋಸ ಮಾಡಿದನೆಂದು ಹೇಳುವಂತಿಲ್ಲ. ಆ ಚೀಟಿಯನ್ನು ಹರಿದು ಬಾಯಿಗೆ ಹಾಕಿಕೊಳ್ಳುವುದೊಂದು ಬಿಟ್ಟು ಬೇರೆಲ್ಲ ವಿಧಾನಗಳಿಂದ ನಾಶ ಮಾಡಿದವನು ಸ್ವತಃ ಜೆನೊನ್.

ಕಡಿದ ಮೇಪಲ್ಲಿನ ಬುಡದ ಪಕ್ಕದಲ್ಲೇ ಗಿಡ ನೆಟ್ಟು ಮಣ್ಣು ತುಳಿಯುತ್ತಿರುವಾಗ ಸ್ಟೆಫ್ಕಾ ಮೆಟ್ಟಿಲ ಮೇಲೆ ಬಂದು ನಿಂತಳು. ಮಾರ್ವಿನ್ ಬೇಲಿಯ ಹತ್ತಿರ ಸಿದ್ಧನಾದ. ಆದರೆ ಅವನ ಸೇವೆಯ ಅಗತ್ಯ ಬೀಳಲಿಲ್ಲ.

"ಏನಿದು?" ಎಂದಳು ಸ್ಟೆಫ್ಕಾ, ನೇರವಾಗಿ ಗಂಡನಿಗೇ.

"ಚೆರ್ರಿ!"

"ಸಾಯುತ್ತೆ."

ಒಂಬತ್ತು ದಿನಗಳ ನಂತರ ಅವಳ ಬಾಯಿಂದ ಬಂದ ಮಾತು! ಜೆನೊನನಿಗೆ ಎಷ್ಟು ಸಂತೋಷವಾಯಿತೆಂದರೆ ಮಾತಿನ ಅರ್ಥ ಅವನ ಕಿವಿಗೇ ಹೋಗಲಿಲ್ಲ.

ಬೇಸಿಗೆ ಕಳೆಯಿತು. ಗಿಡ ಹಸಿರಾಗಿಯೇ ಇತ್ತು. ಅಕ್ಟೋಬರ್‌ನಲ್ಲಿ ಮೊದಲ ಹಿಮ ಬೀಳುವ ಹೊತ್ತಿಗೆ ಜೆನೊನ್ ಅದಕ್ಕೆ ಬಾಣಂತನ ಶುರುಮಾಡಿದ. ಮೊದಲು ಗೋಣಿತಾಟು, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಹಾಲ್‌ನ ಹಳೇ ಕಂಬಳಿಹಾಸು, ಅದರೊಳಗೆ ಸುತ್ತಲೂ ಕ್ರಿಸ್‌ಮಸ್ಸಿನ ಹಳೇ ಬಲ್ಬಿನ ಸರ. (ಹೊಸ ಕಾಲದ ಬಲ್ಬುಗಳು ಬರೀ ಬೆಳಕು ಕೊಡುತ್ತವೆ. ಹಳೆಯವು ಮುಟ್ಟಿದರೆ ಸುಡುತ್ತವೆ. ಅವನಿಗೆ ಬೇಕಾಗಿದ್ದದ್ದು ಸುಡುವಂಥವೇ.)

ತೊಂದರೆ ಒಂದೇ. ಮನೆಯ ಹೊರಗೋಡೆಯಲ್ಲಿದ್ದದ್ದು ಒಂದೇ ಪ್ಲಗ್ಗು. ಚಳಿಗಾಲದಲ್ಲಿ ಗಾಡಿಯ ಇಂಜಿನ್ ಬೆಚ್ಚಗಿಡುವ ವಯರನ್ನು ಅದಕ್ಕೆ ಸಿಕ್ಕಿಸಬೇಕು. ಇಲ್ಲದಿದ್ದರೆ ಬೆಳಿಗ್ಗೆ ಗಾಡಿ ಕಲ್ಲಾಗಿರುತ್ತದೆ. ಜನವರಿ ಐದರ ಸಂಜೆ ರೇಡಿಯೋ ಮೈನಸ್ ನಲವತ್ತೊಂದು ಎಂದು ಸಾರಿತು. ಜೆನೊನ್ ಎರಡು ವಯರುಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಮುಂದೆ ನಿಂತ. ಒಂದು ಕಡೆ ದಿನಕ್ಕೆರಡು ಸಲ ಮೈ ಉಜ್ಜಿ ಸಾಕಿದ ಗಾಡಿ, ಇನ್ನೊಂದು ಕಡೆ ಹೆಂಡತಿಯ ಚೆರ್ರಿ. ನಿಟ್ಟುಸಿರು ಬಿಟ್ಟು ಚೆರ್ರಿಯ ವಯರು ಸಿಕ್ಕಿಸಿದ.

ಮರುದಿನ ಜನವರಿ ಆರು, ಅವರ ಹಿರಿಯರ ಪಂಚಾಂಗದ ಪ್ರಕಾರ ಕ್ರಿಸ್‌ಮಸ್ಸಿನ ಹಿಂದಿನ ದಿನ. ನಲವತ್ತು ಕಿಲೋಮೀಟರ್ ಆಚೆ ಸ್ಟೆಫ್ಕಾಳ ಅಣ್ಣನ ಹೊಲದ ಮನೆಯಲ್ಲಿ ಹನ್ನೆರಡು ಬಗೆಯ ಪವಿತ್ರ ಭೋಜನ. ಅದರ ಮೊದಲ ತುತ್ತಾದ ಕುಟಿಯಾ, ಅಂದರೆ ಗೋಧಿ, ಜೇನು, ಗಸಗಸೆಯ ಪಾಯಸ, ಪ್ರತಿ ವರ್ಷ ಹೋಗುವುದು ಸ್ಟೆಫ್ಕಾಳ ಕೈಯಿಂದಲೇ. ಅವಳು ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಗಾಡಿ ಹತ್ತಿ ಕೂತಳು. ಜೆನೊನ್ ಕೀಲಿ ತಿರುಗಿಸಿದ. ಗಾಡಿ 'ಊಂ' ಎಂದಿತು. ಮತ್ತೆ ತಿರುಗಿಸಿದ. ಅದೂ ಇಲ್ಲ.

ಸ್ಟೆಫ್ಕಾ ತಲೆ ತಿರುಗಿಸಿ ಗೋಡೆಯ ಪ್ಲಗ್ಗನ್ನು ನೋಡಿದಳು. ಅಲ್ಲಿಂದ ಹೊರಟ ವಯರಿನ ಗುಂಟ ಕಣ್ಣು ಹಾಯಿಸುತ್ತ ಹೋದಳು. ಅದು ಹಿಮದ ಮೇಲೆ ಹರಿದು ಕಂಬಳಿಹಾಸಿನೊಳಗೆ ಮಾಯವಾಗಿತ್ತು.

"ಗಾಡಿಗೋಸ್ಕರ ಮರ ಕೊಂದೆ. ಈಗ ಮರಕ್ಕೋಸ್ಕರ ಗಾಡಿ ಕೊಂದೆ. ಇನ್ನು ಉಳಿದಿರೋಳು ನಾನೊಬ್ಬಳು."

ಕೊನೆಗೆ ಮಾರ್ವಿನ್ ತನ್ನ ಕಾರಿನಲ್ಲಿ ಕರೆದೊಯ್ದ. ಹಿಂದಿನ ಸೀಟಿನ ತುಂಬ ಅವನ ಸಾಮಾನು, ಆದ್ದರಿಂದ ಮುಂದೆ ಮೂವರೂ ಒತ್ತಿಕೊಂಡು, ಪಾಯಸದ ಪಾತ್ರೆಯನ್ನು ಜೆನೊನನ ತೊಡೆಯ ಮೇಲಿಟ್ಟುಕೊಂಡು ಹೋದರು. ಊಟದ ಮೇಜಿನಲ್ಲಿ ಸ್ಟೆಫ್ಕಾ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಅಭಿನಯ ಸಮೇತ ಹೇಳಿದಳು. ಹದಿನೆಂಟು ಜನ ನೆಂಟರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಜೆನೊನ್ ಹನ್ನೆರಡೂ ಬಗೆಯನ್ನು ತಲೆ ಎತ್ತದೆ ತಿಂದ.

ಮೇ ತಿಂಗಳಲ್ಲಿ ಕಂಬಳಿಹಾಸು ಬಿಚ್ಚಿದ. ಊರಲ್ಲಿ ಎಲ್ಲ ಗಿಡಗಳೂ ಚಿಗುರಿದವು, ಚೆರ್ರಿ ಚಿಗುರಲಿಲ್ಲ. "ತಡವಾಗಿ ಏಳೋ ಜಾತಿ," ಎಂದ. ಜೂನ್ ಬಂತು. ಒಂದು ಮಧ್ಯಾಹ್ನ, ಯಾರೂ ಇಲ್ಲದಾಗ, ಉಗುರಿನಿಂದ ತೊಗಟೆ ಕೆರೆದು ನೋಡಿದ. ಒಳಗೆ ಹಸಿರಿರಬೇಕಾದ ಕಡೆ ಒಣಗಿದ ಕಂದು. ಇನ್ನೊಂದು ಕೊಂಬೆ ಕೆರೆದ. ಅಲ್ಲೂ ಅದೇ. ಬುಡದವರೆಗೂ ಕೆರೆಯುತ್ತ ಹೋಗಿ ಮಣ್ಣಿನ ಮೇಲೆ ಕೂತುಬಿಟ್ಟ.

ಒಳಗೆ ಬಂದು, ಪಾತ್ರೆ ಒರೆಸುತ್ತಿದ್ದ ಹೆಂಡತಿಯ ಬೆನ್ನಿಗೆ ಹೇಳಿದ: "ಸತ್ತುಹೋಗಿದೆ."

"ಫೆಬ್ರವರಿಯಲ್ಲೇ ಗೊತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ದಿನಾ ಬೆಳಿಗ್ಗೆ ಹೋಗಿ ಅದರ ಹತ್ರ ಮಾತಾಡ್ತಿದ್ದೆ. ಹೇಗೆ ಹೇಳಲಿ?"

ಜೆನೊನ್ ಕುರ್ಚಿ ಎಳೆದುಕೊಂಡು ಕೂತ. "ನಿನಗೆ ಇಷ್ಟ ಅಂತ ತಂದೆ, ಸ್ಟೆಫ್ಕಾ. ವ್ಯಾಂಕೂವರ್‌ನಲ್ಲಿ ಅದರ ಕೆಳಗೆ ಕೂತು ಹಾಯಾಗಿದೆ ಅಂದೆಯಲ್ಲ."

ಸ್ಟೆಫ್ಕಾ ಒರೆಸುವ ಬಟ್ಟೆ ಕೆಳಗಿಟ್ಟು ತಿರುಗಿದಳು. "ಅಯ್ಯೋ ಮಹಾರಾಯ! ಆ ಹೂವಿನಿಂದ ಮೂರು ದಿನ ಸೀನಿದೆ ನಾನು. ಹಾಯಾಗಿದೆ ಅಂದಿದ್ದು ನೆರಳಿಗೆ. ಕಾಲು ಚಾಚಿ ಕೂತಾಗ, ನಮ್ಮನೆ ಮೇಪಲ್ ಕೆಳಗೆ ಕೂತ ಹಾಗೇ ಇದೆ ಅನ್ನಿಸ್ತು."

ಜೆನೊನ್ ಕಿಟಕಿಯಾಚೆ ಮೇಪಲ್ ಇದ್ದ ಜಾಗ ನೋಡಿದ.

"ಮೂವತ್ತೊಂದು ಬೇಸಿಗೆ ಅದರ ಕೆಳಗೆ ಬಟಾಣಿ ಸುಲಿದಿದೀನಿ. ಅಮ್ಮ ತೀರಿಕೊಂಡ ವರ್ಷ, ಮನೆಯೊಳಗೆ ಅತ್ರೆ ನೀನು ಗಾಬರಿ ಬೀಳ್ತೀಯ ಅಂತ ಅಲ್ಲೇ ಕೂತು ಅತ್ತೆ. ಸೊಟ್ಟಗಿತ್ತು, ಒಪ್ತೀನಿ. ಹುಳ ತರ್ತಿತ್ತು, ಕಂಡಕಂಡಲ್ಲಿ ಅಂಟು ಸುರಿಸ್ತಿತ್ತು. ಏನೀಗ? ನೀನೂ ಸೊಟ್ಟಗೇ ಇದೀಯ. ನಾನು ಮಾರ್ವಿನ್ ಹತ್ರ ಗರಗಸ ಕೇಳೋಕೆ ಹೋದೆನಾ?"

ಜೆನೊನ್ ಎದ್ದು ಗಾಡಿಯ ಕೀಲಿ ತೆಗೆದುಕೊಂಡ. "ಬಾ. ಈ ಸಲ ನೀನೇ ಆರಿಸು," ಎಂದ.

ಐಲೀನ್ ಅವರಿಬ್ಬರ ಮುಖ ನೋಡಿದವಳೇ ಚೆರ್ರಿಯ ಕ್ಷೇಮ ವಿಚಾರಿಸಲಿಲ್ಲ. ಸ್ಟೆಫ್ಕಾ ಸಾಲುಗಳ ನಡುವೆ ಅವಸರವಿಲ್ಲದೆ ಓಡಾಡಿ, ಎಲೆ ಮುಟ್ಟಿ ನೋಡಿ, ಆ ಮೊಣಕಾಲೆತ್ತರದ ಓಕ್ ಮುಂದೆ ನಿಂತಳು.

"ಇದರ ಕೆಳಗೆ ಕುರ್ಚಿ ಹಾಕೊಂಡು ಕೂರೋಕೆ ಎಷ್ಟು ವರ್ಷ ಬೇಕು?"

"ಕೂರೋಕಾ?" ಐಲೀನ್ ಲೆಕ್ಕ ಹಾಕಿದಳು. "ಮೂವತ್ತು."

ಜೆನೊನನಿಗೆ ಅರುವತ್ತೊಂಬತ್ತು, ಸ್ಟೆಫ್ಕಾಳಿಗೆ ಅರುವತ್ತಾರು. ಇಬ್ಬರೂ ಮನಸ್ಸಿನಲ್ಲೇ ಕೂಡಿಸಿ, ಬಂದ ಉತ್ತರವನ್ನು ಹೊರಗೆ ಹೇಳಲಿಲ್ಲ.

"ಬೇಗ ಬೆಳೆಯೋದು ಯಾವುದೂ ಇಲ್ವಾ?" ಎಂದ ಜೆನೊನ್.

"ನಮ್ಮ ಚಳಿಗೆ ಬೇಗ ಬೆಳೆಯೋದು ಅಂದ್ರೆ ಆ ಸೊಟ್ಟ ಮೇಪಲ್ಲೇ. ಅದನ್ನ ಯಾರೂ ಕೊಳ್ಳಲ್ಲ, ತಾನಾಗೇ ಬರುತ್ತೆ. ನೀವು ಒಂದು ಕಡಿದಿರಂತಲ್ಲ, ಅದರ ಬುಡ ಹಾಗೇ ಇದೆಯಲ್ಲ? ಕಡಿದ ಬೇಸಿಗೇಲೇ ಸುತ್ತ ಚಿಗುರು ಎದ್ದಿರಬೇಕು. ಬಿಟ್ಟಿದ್ರೆ ಮೂರು ವರ್ಷದಲ್ಲಿ ತಲೆ ಮೇಲೆ ಹೋಗ್ತಿತ್ತು."

ಚಿಗುರು ಎದ್ದಿತ್ತು. ಗೊಂಚಲುಗೊಂಚಲಾಗಿ ಎದ್ದಿತ್ತು. ಚೆರ್ರಿಗೆ ತೊಂದರೆಯಾಗಬಾರದೆಂದು ಜೆನೊನ್ ಪ್ರತಿ ಶನಿವಾರ ಅದರ ಮೇಲೆ ಹುಲ್ಲು ಕತ್ತರಿಸುವ ಯಂತ್ರ ಓಡಿಸಿದ್ದ. ಅಷ್ಟು ಸಾಲದೆಂದು ಸೆಪ್ಟೆಂಬರ್‌ನಲ್ಲಿ ಬಾಡಿಗೆ ಯಂತ್ರ ತರಿಸಿ ಬುಡವನ್ನೇ ಅರೆಸಿ ಪುಡಿ ಮಾಡಿಸಿದ್ದ. ಸ್ಟೆಫ್ಕಾ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ಮೇಲಾಗಿತ್ತು.

"ಓಕ್ ಕೊಡಿ," ಎಂದಳು ಐಲೀನಳಿಗೆ. "ಯಾರಾದ್ರೂ ಕೂರ್ತಾರೆ."

ಅಂದೇ ನೆಟ್ಟರು. ಹದಿಮೂರು ಎಲೆ. ಜೆನೊನ್ ದಿನಾ ಎಣಿಸುತ್ತಿದ್ದ.

ಜುಲೈ ಮೂರನೇ ವಾರ ಬಟಾಣಿ ಬಲಿಯಿತು. ಮಧ್ಯಾಹ್ನ ಸ್ಟೆಫ್ಕಾ ಬುಟ್ಟಿ ಹಿಡಿದು ಬಂದು, ಓಕ್ ಪಕ್ಕದಲ್ಲಿ ತನ್ನ ಕುರ್ಚಿ ಹಾಕಿಕೊಂಡು ಕೂತಳು. ಹದಿಮೂರು ಎಲೆಯ ನೆರಳು ಅವಳ ಎಡಗಾಲಿನ ಚಪ್ಪಲಿಯ ಮೇಲೆ ಬಿತ್ತು. ಉಳಿದ ಸ್ಟೆಫ್ಕಾ ಪೂರ್ತಿ ಬಿಸಿಲಿನಲ್ಲಿದ್ದಳು. ಒಳಗೆ ಹೋಗು ಎಂದರೆ ಹೋಗಲೊಲ್ಲಳು. ಗಾಡಿ ತೊಳೆಯುತ್ತಿದ್ದ ಜೆನೊನ್ ಬಟ್ಟೆ ಬಕೆಟ್ಟಿಗೆ ಹಾಕಿ, ಹತ್ತಿರ ಬಂದು ನಿಂತ.

ಸ್ಟೆಫ್ಕಾ ತಲೆ ಎತ್ತಿದಳು. ಸೂರ್ಯನ ಕಡೆ ನೋಡಿದಳು. ಗಂಡನ ಅಗಲವನ್ನು ಅಳೆದಳು.

"ಸ್ವಲ್ಪ ಎಡಕ್ಕೆ ಬಾ," ಎಂದಳು. "ಇನ್ನೂ ಸ್ವಲ್ಪ. ಹಾಂ, ಅಲ್ಲೇ."

ಅವಳ ಮುಖ ನೆರಳಿಗೆ ಬಂತು. ಬಟಾಣಿ ಸುಲಿಯತೊಡಗಿದಳು. ಹತ್ತು ನಿಮಿಷವಾದ ಮೇಲೆ ಬೇಲಿಯಾಚೆ ಮಾರ್ವಿನ್‌ನ ತಲೆ ಕಾಣಿಸಿಕೊಂಡಿತು.

"ಜೆನೊನ್, ಏನಯ್ಯ ಮಾಡ್ತಿದೀಯ ಅಲ್ಲಿ?"

"ನೆರಳು ಕೊಡ್ತಿದಾನೆ," ಎಂದಳು ಸ್ಟೆಫ್ಕಾ, ಕಾಯಿ ಬಿಡಿಸುತ್ತ. "ಓಕ್ ದೊಡ್ಡದಾಗೋವರೆಗೆ."

"ಅದಕ್ಕೆಷ್ಟು ದಿನ ಬೇಕು?"

"ಮೂವತ್ತು ವರ್ಷ."

ಸೊಳ್ಳೆಯೊಂದು ಹಾಡುತ್ತ ಬಂದು ಜೆನೊನನ ಮೂಗಿನ ತುದಿಯ ಮೇಲೆ ಕೂತಿತು. ಅವನು ಕೈ ಎತ್ತಿದ.

"ಅಲ್ಲಾಡಬೇಡ," ಎಂದಳು ಸ್ಟೆಫ್ಕಾ. "ಬಿಸಿಲು ಬೀಳುತ್ತೆ."

ಅವನು ಕೈ ಇಳಿಸಿದ.