ಹುಡುಕಿದರೆ ಮೊದಲು ಸಿಗುವವನ ಪಾಡು

ಹುಡುಕಿದರೆ ಸಿಗಬೇಕು ಎಂಬ ಆಸೆ ನನಗೆ ಯಾವತ್ತೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಆಯುಷ್ಯದ ಹೆಚ್ಚಿನ ಭಾಗವನ್ನು ನಾನು ಯಾರ ಕೈಗೂ ಸಿಗದಿರುವ ಪ್ರಯತ್ನದಲ್ಲೇ ಕಳೆದಿದ್ದೇನೆ. ನೌಕರಿಯಲ್ಲಿದ್ದಾಗ ಮ್ಯಾನೇಜರ್ ಹುಡುಕಿದರೆ ಸಿಗುತ್ತಿರಲಿಲ್ಲ. ಗಣಪತಿ ಹಬ್ಬದ ಚಂದಾ ಕೇಳಲು ಬಿಲ್ಡಿಂಗಿನವರು ಬಂದರೆ ಸಿಗುತ್ತಿರಲಿಲ್ಲ. ಮನೆಯಲ್ಲಿ ತೆಂಗಿನಕಾಯಿ ತುರಿಯುವ ಹೊತ್ತಿಗೆ ನಾನು ಸಿಕ್ಕಿದ ದಾಖಲೆಯೇ ಇಲ್ಲ ಎನ್ನುತ್ತಾಳೆ ನನ್ನ ಹೆಂಡತಿ ಸರೋಜ. ಅಂಥವನು ನಿವೃತ್ತನಾದ ಮೇಲೆ, ಗುರುತು ಪರಿಚಯವಿಲ್ಲದ ಜನ ನನ್ನನ್ನು ಹುಡುಕಲಿ, ಹುಡುಕಿದ ಕೂಡಲೇ ಎಲ್ಲರಿಗಿಂತ ಮೊದಲು ನಾನೇ ಸಿಗಲಿ ಎಂದು ಹಂಬಲಿಸಿ, ಅದಕ್ಕೆಂದೇ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡೆ. ನಗುವವರು ನಗಬಹುದು. ನಾನೂ ಸಾಕಷ್ಟು ನಕ್ಕಾಗಿದೆ.

ಇದಕ್ಕೆಲ್ಲ ಕಾರಣ ನನ್ನ ಷಡ್ಡಕ ನಾಗೇಶ. ಸರೋಜಳ ತಂಗಿಯ ಗಂಡ. ಮುಂಬಯಿಯ ಕಾಂದಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಹಿಂದಿನ ಬಿಲ್ಡಿಂಗಿನಲ್ಲೇ ಅವರ ಮನೆ. ನಾವಿಬ್ಬರೂ ಸೇರಿ ಕೆಲವು ವರ್ಷಗಳಿಂದ ಹಳೆಯ ಮನೆಗಳನ್ನು ಕೊಂಡು, ಸೋರುವುದನ್ನು ನಿಲ್ಲಿಸಿ, ನಲ್ಲಿ ವೈರಿಂಗು ಬದಲಿಸಿ, ಬಣ್ಣ ಹೊಡೆಸಿ ಮಾರುತ್ತೇವೆ. ಹೀಗೆ ಮಾಡುವವರಿಗೆ ರಿಯಲ್ ಎಸ್ಟೇಟ್ ಇನ್ವೆಸ್ಟರ್ ಎನ್ನುತ್ತಾರೆಂದು ನಾಗೇಶ ಹೇಳಿದ ಮೇಲೆ ನನ್ನ ನಡಿಗೆಯಲ್ಲೇ ಸ್ವಲ್ಪ ವ್ಯತ್ಯಾಸ ಬಂದಿತ್ತು. ಮೊದಲೆಲ್ಲ ಮಾರಾಟಕ್ಕಿರುವ ಮನೆಗಳ ಸುದ್ದಿ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ, ಕಾಫಿ ಕುಡಿಯುತ್ತ ಕೂತರೆ ತಾನಾಗಿ ಕಿವಿಗೆ ಬೀಳುತ್ತಿತ್ತು. ಆಮೇಲೆ ಹೋಟೆಲು ಮುಚ್ಚಿ ಅಲ್ಲಿ ಮೊಬೈಲ್ ಕವರು ಮಾರುವ ಅಂಗಡಿ ಬಂತು. ಸುದ್ದಿ ಹೇಳುತ್ತಿದ್ದವರು ಒಬ್ಬೊಬ್ಬರಾಗಿ ಮಕ್ಕಳ ಮನೆಗೆ ಹೊರಟುಹೋದರು. ಈಗ ಮನೆ ಮಾರುವವರು ಯಾರನ್ನೂ ಕೇಳುವುದಿಲ್ಲ, ಫೋನನ್ನು ಕೇಳುತ್ತಾರೆ. "ಭಾವ, ನಮ್ಗೂ ಒಂದು ವೆಬ್‌ಸೈಟ್ ಬೇಕೇ ಬೇಕು" ಎಂದ ನಾಗೇಶ. ಮಾಡಿಸಿದೆವು. ಚೆನ್ನಾಗಿಯೇ ಬಂದಿತ್ತು. ಆದರೆ ಅದನ್ನು ನಾನು, ನಾಗೇಶ ಮತ್ತು ಮಾಡಿಕೊಟ್ಟವನನ್ನು ಬಿಟ್ಟರೆ ನಾಲ್ಕನೆಯ ಪ್ರಾಣಿ ನೋಡಲಿಲ್ಲ. ಸಮುದ್ರದ ತಳಕ್ಕೆ ಇಳಿದು ಅಲ್ಲಿ ಅಂಗಡಿಯ ಬೋರ್ಡು ನೆಟ್ಟು ಬಂದ ಹಾಗಾಯಿತು.

ಆಗ ಹುಟ್ಟಿದ್ದು ಪ್ರಶ್ನೆ: ಸರ್ಚ್ ಮಾಡಿದವರಿಗೆ ನಮ್ಮ ವೆಬ್‌ಸೈಟು ಮೇಲೆ ಕಾಣಿಸುವಂತೆ ಮಾಡಲು ಯಾರನ್ನಾದರೂ ಇಟ್ಟುಕೊಳ್ಳಬೇಕೋ ಬೇಡವೋ? ನಾಗೇಶ ಬೇಕು ಎಂದ. ನಾನು ಬೇಡ ಎಂದೆ. ಮೂವತ್ತು ವರ್ಷ ಆಫೀಸಿನ ಡ್ರಾಫ್ಟುಗಳನ್ನು ಬರೆದವನಿಗೆ ಇದೇನು ಮಹಾ ವಿದ್ಯೆ? ಜನ ಹುಡುಕುವ ಪದ ಪುಟದಲ್ಲಿ ಹೆಚ್ಚು ಸಲ ಇದ್ದರೆ ಆಯಿತು ಎಂದು ಯಾರೋ ಲೋಕಲ್ ಟ್ರೇನಿನಲ್ಲಿ ಹೇಳಿದ್ದು ನೆನಪಿತ್ತು. ಒಂದು ಮಧ್ಯಾಹ್ನ ಕೂತು, ನಾವು ಹೆಚ್ಚಾಗಿ ಮನೆ ಹುಡುಕುವ ಆಂಟಾಪ್ ಹಿಲ್ ಬಡಾವಣೆಯ ಹೆಸರು ಹಿಡಿದು ಬರೆದೇಬಿಟ್ಟೆ. "ಆಂಟಾಪ್ ಹಿಲ್ ಮನೆ, ಆಂಟಾಪ್ ಹಿಲ್ ಹಳೆ ಮನೆ, ಆಂಟಾಪ್ ಹಿಲ್ ಒಳ್ಳೆ ಮನೆ, ಆಂಟಾಪ್ ಹಿಲ್ ಮನೆ ಕೊಳ್ಳುವವರು" ಎಂದು ಶುರುವಾಗಿ ಅದು ಎರಡು ಪುಟ ಹರಿಯಿತು. ಸರೋಜ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು. ಅರ್ಧಕ್ಕೆ ನಿಲ್ಲಿಸಿ, "ಇದೇನೂಂದ್ರೆ, ಅಷ್ಟೋತ್ತರ ಬರೆದಿದ್ದೀರಿ? ಪ್ರತಿ ಸಾಲಿಗೂ ಒಂದು ನಮಃ ಸೇರಿಸಿಬಿಡಿ, ಮನೆಗೆ ಕುಂಕುಮಾರ್ಚನೆ ಮಾಡಬಹುದು" ಎಂದಳು. ಅಷ್ಟೋತ್ತರಕ್ಕೆ ದೇವರು ಒಲಿಯುತ್ತಾನೋ ಏನೋ, ಸರ್ಚ್ ಒಲಿಯಲಿಲ್ಲ. ಮೊದಲು ಎಲ್ಲೋ ಹಿಂದೆ ಇದ್ದವರು ಆಮೇಲೆ ಎಲ್ಲೂ ಇಲ್ಲವಾದೆವು.

ಹೀಗೆ ನಮ್ಮ ಮನೆಗೆ ಬಂದವಳು ಪಲ್ಲವಿ. ಇದೇ ಕೆಲಸವನ್ನು ಹತ್ತಾರು ಅಂಗಡಿ ಆಸ್ಪತ್ರೆಗಳಿಗೆ ಮಾಡಿಕೊಡುವವಳು. ಮಗಳನ್ನು ಶಾಲೆಗೆ ಬಿಟ್ಟು ನೇರ ಬಂದಿದ್ದಳು. ಅವಳ ಹಿರಿಯರು ವಿಜಯಪುರದ ಕಡೆಯವರು, ಅವಳು ಮಾತ್ರ ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತು ಮಾತ್ರ ಹಿಂದಿಯ ಮೇಲೆ ಕೈಯೂರಿಕೊಂಡು ನಡೆಯುತ್ತದೆ. ಇದಕ್ಕೂ ಮೊದಲು ಫೋನ್ ಮಾಡಿದ್ದ ಒಂದು ಏಜೆನ್ಸಿಯವನು ಮೊದಲ ಸ್ಥಾನ ಗ್ಯಾರಂಟಿ ಎಂದಿದ್ದ. ಪಲ್ಲವಿ ಹಾಗೇನೂ ಹೇಳಲಿಲ್ಲ. ಬದಲಿಗೆ, "ಅಂಕಲ್, ನಿಮ್ಗೆ ಯಾರು ಬರ್ಬೇಕು? ಮತ್ಲಬ್, ಯಾರು ಫೋನ್ ಮಾಡಿದ್ರೆ ನಿಮ್ಗೆ ಖುಷಿ?" ಎಂದು ಕೇಳಿದಳು. "ಮನೆ ಮಾರುವವರು" ಎಂದೆ. "ಅವ್ರು ರಾತ್ರಿ ಮಲಗೋ ಮೊದ್ಲು ಏನ್ ಯೋಚ್ನೆ ಮಾಡ್ತಾರೆ?" ಎಂದಳು. ನಾನು ನಾಗೇಶನ ಮುಖ ನೋಡಿದೆ, ಅವನು ಫ್ಯಾನು ನೋಡಿದ. ಇಷ್ಟು ಮನೆಗಳನ್ನು ಕೊಂಡಿದ್ದೆವು. ಗೋಡೆಯ ಪಾಯದ ಬಗ್ಗೆ ಯೋಚಿಸಿದ್ದೆವು, ಮಾರುವವರ ಯೋಚನೆಯ ಬಗ್ಗೆ ಯೋಚಿಸಿರಲಿಲ್ಲ.

ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಜನ ಕೇಳುವ ಪ್ರಶ್ನೆಗಳನ್ನು ತೋರಿಸಿದಳು. ಅಪ್ಪ ತೀರಿಕೊಂಡರೆ ಮನೆ ಯಾರದು? ತಮ್ಮ ಸಹಿ ಹಾಕದಿದ್ದರೆ ಏನು ಮಾಡಬೇಕು? ಬಾಡಿಗೆದಾರ ಬಿಟ್ಟುಹೋಗದಿದ್ದರೆ? ಓದುತ್ತ ಹೋದಂತೆ ನನಗೆ, ಗೋಡೆಯ ಆಚೆಗಿನ ಮನೆಗಳ ಮಾತು ಕೇಳಿಸಿಕೊಂಡ ಹಾಗೆ ಸ್ವಲ್ಪ ಸಂಕೋಚವಾಯಿತು. "ಇವಕ್ಕೆ ಸಚ್ ಸಚ್ ಉತ್ತರ ಬರೀರಿ ಅಂಕಲ್, ಮಾರ್ಕೆಟಿಂಗ್ ಬೇಡ. ಬಾಕಿ ನಾನು ನೋಡ್ತೀನಿ" ಎಂದಳು. ಪರಿಚಯದ ವಕೀಲರೊಬ್ಬರ ಬಳಿ ಕೂತು ಕೇಳಿಕೊಂಡು ಬಂದು ಬರೆದೆ. ಒಂದು ಪುಟದ ಹೆಸರು "ನಾಮಿನಿ ಒಬ್ಬರೇ ಮನೆ ಮಾರಬಹುದೇ?" ಎಂದು. ನಾಮಿನಿ ಎಂದರೆ ಬಿಲ್ಡಿಂಗಿನ ಸೊಸೈಟಿಯ ಕಾಗದದಲ್ಲಿ ಮಾಲೀಕರು ತಮ್ಮ ನಂತರಕ್ಕೆಂದು ಬರೆಸಿಟ್ಟ ಹೆಸರಿನವರು, ಅಷ್ಟಕ್ಕೇ ಮನೆ ಅವರದಾಗುವುದಿಲ್ಲ, ವಾರಸುದಾರರೆಲ್ಲ ಒಪ್ಪದೆ ಮಾರುವುದೂ ಕೊಳ್ಳುವುದೂ ಸರಿಯಲ್ಲ, ಅವಸರ ಮಾಡುವ ಖರೀದಿದಾರರಿಂದ ದೂರವಿರಿ ಎಂದೆಲ್ಲ ಬರೆದು, ಕನ್ನಡದಲ್ಲೂ ಇರಲಿ ಎಂದು ಹಟ ಹಿಡಿದೆ. ಪಲ್ಲವಿ ಒಪ್ಪಿದಳು. ಮುಂಬಯಿಯ ಮನೆಗಳ ಬಗ್ಗೆ ಕನ್ನಡದಲ್ಲಿ ಇದನ್ನು ಬೇರೆ ಯಾರೂ ಅಷ್ಟಾಗಿ ಬರೆದಿರಲಿಲ್ಲ. ಹಾಗಾಗಿ ಓಡುವವನು ಒಬ್ಬನೇ ಇದ್ದ ಪಂದ್ಯದಲ್ಲಿ ನಾನು ಸಲೀಸಾಗಿ ಮೊದಲಿಗನಾದೆ. ಫೋನಿನಲ್ಲಿ ಅದನ್ನು ಹುಡುಕಿ ಹುಡುಕಿ ಸರೋಜಳಿಗೆ ತೋರಿಸಿದೆ. ಅವಳು, "ಸರಿ, ಈಗ ಕಾಯಿ ತುರೀರಿ" ಎಂದಳು.

ಅದೇ ದಿನಗಳಲ್ಲಿ ಆಂಟಾಪ್ ಹಿಲ್‌ನಲ್ಲಿ ಒಂದು ಮನೆ ನಮ್ಮ ಕೈಗೆ ಬರುವುದರಲ್ಲಿತ್ತು. ಗಿರೀಶ ಎಂಬವನದು, ಧಾರವಾಡದ ಕಡೆಯ ಕುಟುಂಬ. ತಾಯಿಯ ಹೆಸರಿನಲ್ಲಿದ್ದ ಮನೆ, ತಾಯಿ ತೀರಿಕೊಂಡಿದ್ದರು, ಗಿರೀಶನೇ ನಾಮಿನಿ. "ಒಬ್ಬ ಅಕ್ಕ ಇದ್ದಾಳ, ಆಕಿದೇನೂ ತಕರಾರಿಲ್ಲ" ಎಂದಿದ್ದ. ನಾವು ಮನೆ ನೋಡಲು ಹೋದಾಗ ಆ ಅಕ್ಕ ಒಳಗೆ ಚಹಾ ಮಾಡುತ್ತಿದ್ದರು. ತಂದಿಟ್ಟು ಒಳಗೆ ಹೋದರು, ಮಾತಾಡಲಿಲ್ಲ. ಮಾತಾಡದವರೆಲ್ಲ ಒಪ್ಪಿದವರು ಎಂದು ನಾವು ತಿಳಿದೆವು. ನಾಗೇಶ ಗೋಡೆ ಬಡಿದು ನೋಡಿದ, ನಾನು ಅಡುಗೆಮನೆ ಹೇಗಿರಬೇಕೆಂದು ಕೈಯಾಡಿಸಿ ವಿವರಿಸಿದೆ, ಗಿರೀಶ ಪೇಡೆ ಕೊಟ್ಟ, ತಿಂದೆವು. ಅಕ್ಕನ ಸಹಿಯನ್ನು ಅವನೇ ತರುತ್ತೇನೆಂದ. ವಕೀಲರ ಬಳಿ ಕೂತು ಕೇಳಿ, ಬರೆದು, ಊರಿಗೆಲ್ಲ ಬುದ್ಧಿ ಹೇಳಿದ ನನಗೆ ಒಳಗೆ ಹೋಗಿ ಆ ಹೆಂಗಸನ್ನು ಒಂದು ಮಾತು ಕೇಳಬೇಕೆಂದು ತೋಚಲಿಲ್ಲ.

ಒಂದು ಬೆಳಿಗ್ಗೆ ಫೋನ್ ಬಂತು. ಹೆಂಗಸಿನ ದನಿ. "ನಮಸ್ಕಾರ ರೀ. ನಾಮಿನಿ ಬಗ್ಗೆ ಕನ್ನಡದಾಗ ಬರದವ್ರು ನೀವs ಏನ್ರಿ?"

ನಾನು ಹಿಗ್ಗಿದೆ. "ಹೌದಮ್ಮಾ, ನಾನೇ. ಏನು ಹೇಳಿ."

"ನಮ್ಮ ಅವ್ವನ ಮನಿ ಐತ್ರಿ. ನಾ ಅಲ್ಲೇ ಇರಾಕಿ. ಅವ್ವಗ ಕಡೀ ತನಕ ನಾನs ನೋಡೀನಿ. ಈಗ ತಮ್ಮ ಮಾರಾಕತ್ತಾನ. ಸಹಿ ಮಾಡು, ಎಲ್ಲಾ ಆಗೇತಿ ಅಂತಾನ. ಮಾಡಬೇಕೇನ್ರಿ?"

"ಮನಸ್ಸಿಲ್ಲದೆ ಮಾಡಬೇಡಿ" ಎಂದೆ, ಬರೆದದ್ದನ್ನೇ ಗಂಭೀರವಾಗಿ ಉಚ್ಚರಿಸುತ್ತ. "ಕೊಳ್ಳುವವರು ನಿಮ್ಮ ಹತ್ತಿರ ಮಾತಾಡಿದ್ದಾರಾ?"

"ಇಲ್ರಿ. ಇಬ್ರು ಬಂದಿದ್ರು. ಒಬ್ಬಾಂವ ಗ್ವಾಡಿ ಬಡದು ಬಡದು ನೋಡಿದಾ. ಇನ್ನೊಬ್ರು ವಯಸ್ಸಾದವ್ರು, ತಲಿ ಬೋಳ, ಒಂದs ಸವನ ಮಾತಾಡ್ತಿದ್ರು. ಈ ಅಡಗಿಮನಿ ಗ್ವಾಡಿ ಒಡದು ಹಾಲ್ ದೊಡ್ಡದು ಮಾಡೂಣು ಅಂದ್ರು. ನಾ ಅಲ್ಲೇ ನಿಂತು ಚಹಾ ಸೋಸಾಕತ್ತಿದ್ದೆ."

ನನ್ನ ಕೈ ತಾನಾಗಿ ತಲೆಯ ಮೇಲೆ ಹೋಯಿತು. ಫೋನು ಇಟ್ಟುಬಿಡಬಹುದಿತ್ತು. ಲೈನು ಸರಿಯಿಲ್ಲ ಎನ್ನಬಹುದಿತ್ತು. ಒಳ್ಳೆಯ ಮನೆ, ಒಳ್ಳೆಯ ಬೆಲೆ, ನಾಗೇಶ ಆಗಲೇ ಟೈಲ್ಸ್ ನೋಡಲು ಹೋಗಿದ್ದ. ಆದರೂ, "ಅಮ್ಮಾ, ಆ ಬೋಳುತಲೆಯವನು ನಾನೇ" ಎಂದೆ.

ಆ ಕಡೆಯಿಂದ ಗಾಬರಿಯ ಸದ್ದೇನೂ ಬರಲಿಲ್ಲ. "ಗೊತ್ತೈತ್ರಿ" ಎಂದರು. "ಬರದದ್ದರ ಕೆಳಗ ನಿಮ್ಮ ಫೋಟೋ ಐತೆಲ್ಲ. ಅದಕ್ಕs ಫೋನ್ ಹಚ್ಚಿದ್ದು. ಬರಿಯೂದು ಒಂದು, ಮಾಡೂದು ಒಂದು ಏನೋ ಅಂತ ನೋಡಬೇಕಿತ್ತು."

ಬರೆದವರ ಮುಖ ಕಂಡರೆ ಜನ ನಂಬುತ್ತಾರೆ ಎಂದು ಹೇಳಿ ಆ ಫೋಟೋ ಹಾಕಿದವಳು ಪಲ್ಲವಿ. ನಂಬುವುದು ಮಾತ್ರವಲ್ಲ, ಹಿಡಿಯಲೂ ಅನುಕೂಲ ಎಂದು ಅವಳು ಹೇಳಿರಲಿಲ್ಲ. ನಾನು ಆ ಹೆಂಗಸಿನ ಹೆಸರು ಕೇಳಿದೆ. ಶಕುಂತಲಾ ಎಂದರು. ಅವರ ಮನೆಯಲ್ಲಿ ಕೂತು ಚಹಾ ಕುಡಿದು, ಪೇಡೆ ತಿಂದು, ಗೋಡೆ ಒಡೆಯುವ ಮಾತಾಡಿದವನಿಗೆ ಹೆಸರೇ ಗೊತ್ತಿರಲಿಲ್ಲ. "ನೀವಿಬ್ಬರೂ ಕೂತು ಮಾತಾಡುವ ತನಕ ನಾವು ಆ ಮನೆಯ ಕಡೆ ಬರುವುದಿಲ್ಲ" ಎಂದು ಹೇಳಿ ಫೋನಿಟ್ಟೆ.

ನಾಗೇಶ ಟೈಲ್ಸಿನ ಸ್ಯಾಂಪಲ್ಲು ಹಿಡಿದುಕೊಂಡೇ ಕೇಳಿಸಿಕೊಂಡ. "ಭಾವ, ಗಿರಾಕಿಗಳನ್ನ ಕರೆಸೋಕೆ ಅಂತ ಆ ಹುಡುಗಿಯನ್ನ ಇಟ್ಟುಕೊಂಡ್ವಿ. ನೀವು ಓಡಿಸೋಕೆ ಇಟ್ಟುಕೊಂಡಿದ್ದೀರಾ?" ಎಂದ. ಪಲ್ಲವಿಯನ್ನು ಕರೆಸಿ ಪುಟವನ್ನು ತೆಗೆಸಬೇಕೆಂದ. ಅವಳು ಬಂದು, ನಡೆದದ್ದನ್ನೆಲ್ಲ ಕೇಳಿ, ತಲೆಯಾಡಿಸಿ, "ಅಂಕಲ್, ಅಂದ್ರೆ ಪೇಜ್ ಬರಾಬರ್ ಕೆಲ್ಸ ಮಾಡ್ತಾ ಇದೆ" ಎಂದಳು. ನಾಗೇಶ ಕೆಲವು ದಿನ ನನ್ನ ಜೊತೆ ಮಾತು ಬಿಟ್ಟ. ಅವರ ಮನೆಯ ಚಕ್ಕುಲಿ ಮಾತ್ರ ಎಂದಿನಂತೆ ಬಂತು, ಅದು ಅಕ್ಕತಂಗಿಯರ ವ್ಯವಹಾರ. ಗಿರೀಶ ಮೊದಲು ಸಿಟ್ಟಾದ. ಆಮೇಲೆ ಅಕ್ಕನ ಜೊತೆ ಕೂತ. ಏನು ಮಾತಾಡಿಕೊಂಡರೋ ನನಗೆ ತಿಳಿಯದು. ಮನೆ ಮಾರಲಿಲ್ಲ, ಶಕುಂತಲಾ ಅಲ್ಲೇ ಇದ್ದಾರೆ, ಅಡುಗೆಮನೆಯ ಗೋಡೆ ಇದ್ದಲ್ಲೇ ಇದೆ ಎಂಬಷ್ಟು ಗೊತ್ತು. ಆ ಗೋಡೆ ಒಡೆದಿದ್ದರೆ ಹಾಲ್ ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುವುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.

ಈಗ ನಮ್ಮಂಥವರು ಯಾರಾದರೂ, ಸರ್ಚಿಗೆಂದು ಒಬ್ಬರನ್ನು ಇಟ್ಟುಕೊಳ್ಳಬೇಕೇ ಎಂದು ಕೇಳಿದರೆ, ಇಟ್ಟುಕೊಳ್ಳಿ ಎನ್ನುತ್ತೇನೆ. ಸ್ವಂತವಾಗಿ ಮಾಡಿದರೆ ಅಷ್ಟೋತ್ತರವಾಗುತ್ತದೆ. ಆದರೆ ಕೆಲಸ ಬಲ್ಲವರನ್ನು ಇಟ್ಟುಕೊಂಡರೆ ಅವರು ನಿಮ್ಮನ್ನು ನಾಲ್ಕು ಜನರಿಗೆ ಕಾಣುವಂತೆ ನಿಲ್ಲಿಸಿಬಿಡುತ್ತಾರೆ. ಕಾಣುವ ಜಾಗದಲ್ಲಿ ನಿಂತ ಮೇಲೆ, ಬರೆದದ್ದಕ್ಕೆ ತಕ್ಕಂತೆ ಇರಬೇಕಾಗುತ್ತದೆ. ಆ ಖರ್ಚನ್ನು ಯಾವ ಏಜೆನ್ಸಿಯವನೂ ಮೊದಲೇ ಹೇಳುವುದಿಲ್ಲ. ಫೋನುಗಳೇನೋ ಬರುತ್ತಿವೆ. ಹೆಚ್ಚಿನವರು ಸಲಹೆ ಕೇಳಿ, ಧನ್ಯವಾದ ಹೇಳಿ, ಮನೆ ಮಾರದೆ ಸುಖವಾಗಿರುತ್ತಾರೆ. ನಡುನಡುವೆ ನಿಜವಾಗಿ ಮಾರುವವರೂ ಬರುತ್ತಾರೆ. ಕೆಲವು ತಿಂಗಳ ಹಿಂದೆ ಒಂದು ಕುಟುಂಬದ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಗಂಡಂದಿರು ಎಲ್ಲ ಒಟ್ಟಿಗೆ ಬಂದು, ಪಕ್ಕದ ಮನೆಯಿಂದ ಕುರ್ಚಿ ತರಿಸಬೇಕಾಯಿತು. ನಾಗೇಶ ಎಲ್ಲರ ಹೆಸರನ್ನೂ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡ. ಆ ಮನೆ ನಮಗೆ ಬಂತು. ಅಂದಿನಿಂದ, ಆ ಪುಟ ಬರೆಸಿದ್ದು ತಾನೇ ಎಂದು ಅವನು ಎಲ್ಲ ಕಡೆ ಹೇಳಿಕೊಂಡು ಓಡಾಡುತ್ತಿದ್ದಾನೆ.

ಮೊನ್ನೆ ಸರೋಜಳಿಗೆ ಮಂಡಿನೋವು ಜಾಸ್ತಿಯಾಗಿ, ಸೋಫಾದ ಮೇಲೆ ಕೂತು ಫೋನಿನಲ್ಲಿ ಡಾಕ್ಟರನ್ನು ಹುಡುಕುತ್ತಿದ್ದಳು. ಮೊದಲ ಹೆಸರನ್ನು ನೋಡದೆ ಬೆರಳಾಡಿಸಿ ಕೆಳಗೆ ಕೆಳಗೆ ಹೋಗುತ್ತಿದ್ದಳು. ಈ ವಿಷಯದಲ್ಲಿ ಅನುಭವಸ್ಥನಾದ ನಾನು, "ಅಲ್ಲಮ್ಮಾ, ಮೇಲೆ ಬಂದವರನ್ನ ಬಿಟ್ಟು ಅಷ್ಟು ಕೆಳಗೆ ಯಾಕೆ ಹೋಗ್ತೀಯಾ?" ಎಂದು ಕೇಳಿದೆ.

ಅವಳು ಫೋನಿನಿಂದ ತಲೆಯೆತ್ತಲಿಲ್ಲ. "ಹುಡುಕಿದ್ರೆ ಮೊದಲು ಸಿಗೋರು ಎಂಥವರು ಅಂತ ದಿನಾ ಮನೇಲೇ ನೋಡ್ತಿದ್ದೀನಲ್ಲ" ಎಂದಳು.