ಅತ್ತೆಯ ಟ್ರಸ್ಟಿಗೊಂದು ಬ್ಯಾಂಕು

ಮಂಡಕ್ಕಿ ನೆನೆಹಾಕಿದಾಗ ಫೋನ್ ಎತ್ತಬಾರದು ಎಂಬುದು ಇಷ್ಟು ವರ್ಷ ದಾವಣಗೆರೆಯಲ್ಲಿ ಸಂಸಾರ ಮಾಡಿದ ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನೀರಿಗೆ ಹಾಕಿ, ಒಮ್ಮೆ ಮುಳುಗಿಸಿ, ಕೂಡಲೇ ಹಿಂಡಿ ತೆಗೆಯಬೇಕು. ನಾಲ್ಕು ಮಾತು ಹೆಚ್ಚಾದರೆ ಒಗ್ಗರಣೆ ಮಂಡಕ್ಕಿಯ ಆಸೆ ಬಿಟ್ಟು, ಹಲ್ಲಿಲ್ಲದ ಕೂಸಿಗೆ ಉಣಿಸುವುದೇ ಸರಿ. ಆದರೂ ಅವತ್ತು ಎತ್ತಿದೆ. ಬ್ಯಾಂಕಿಗೆ ಹೋಗಿದ್ದ ನಮ್ಮ ಯಜಮಾನರು. "ಗಿರಿಜಾ, ಇಲ್ಲೂ ಆಗಲ್ಲಂತೆ. ಅವ್ವಗೆ ಹೆಂಗೆ ಹೇಳದು?" ಎಂದರು. ಅದು ಮೂರನೇ ಬ್ಯಾಂಕು. ಹೆಂಗೆ ಹೇಳುವುದೆಂದು ಇಬ್ಬರೂ ಯೋಚಿಸಿ ಮುಗಿಸುವಷ್ಟರಲ್ಲಿ ಮಂಡಕ್ಕಿ ಗಂಜಿಯಾಗಿತ್ತು.

ವಿಷಯ ಇಷ್ಟು. ನಮ್ಮ ಅತ್ತೆಯ ತವರು ಹರಿಹರದ ಹತ್ತಿರದ ಕೊಕ್ಕನೂರು. ಅಲ್ಲಿಯ ಬಸವಣ್ಣನ ಗುಡಿಯಲ್ಲಿ ಶ್ರಾವಣ ಸೋಮವಾರಗಳಂದು ಊರಿಗೆಲ್ಲ ಊಟ ಹಾಕುವ ಪದ್ಧತಿ ಅವರ ಬಾಲ್ಯದಲ್ಲಿತ್ತು. ಅದಕ್ಕೆಂದು ಅವರ ಅಣ್ಣ ಗದ್ದೆಯೊಂದನ್ನು ಬಿಟ್ಟುಕೊಟ್ಟಿದ್ದರು. ಮುಂದೆ ಕಾಲುವೆ ನೀರು ಬಂದು ಅದೇ ಗದ್ದೆ ಚೆನ್ನಾಗಿ ಬೆಳೆಯತೊಡಗಿದಾಗ ಮೆಲ್ಲಗೆ ವಾಪಸು ತೆಗೆದುಕೊಂಡರು. ಊಟ ನಿಂತಿತು. ಅದನ್ನು ಮತ್ತೆ ಶುರು ಮಾಡಿ, ಮೊದಲ ಪಂಕ್ತಿ ಏಳುವುದನ್ನು ಕಣ್ಣಾರೆ ನೋಡಬೇಕೆಂಬುದು ಅತ್ತೆಯ ಆಸೆ. ಕೈಯಲ್ಲಿದ್ದ ಬಂಗಾರದ ಪಾಟ್ಲಿ ಮಾರಿ ಒಂದು ಟ್ರಸ್ಟ್ ಮಾಡಿದರು. ನಮ್ಮಿಬ್ಬರನ್ನು ಟ್ರಸ್ಟಿಗಳನ್ನಾಗಿಸಿದರು. ಇದು ಎಂದೆಂದಿಗೂ ಹಿಂಪಡೆಯಲಾಗದ ಟ್ರಸ್ಟ್ ಎಂದು ವಕೀಲರಿಂದ ಒತ್ತಿ ಬರೆಸಿದರು. "ನಮ್ಮಣ್ಣ ಕೆಟ್ಟೋನಲ್ಲ. ಕೊಟ್ಟಾಗ ಹಿಂದ್ಲ ಬಾಗ್ಲು ತೆಗದಿಟ್ಟಿದ್ದ ಅಷ್ಟೆ. ನಾನು ಬಾಗ್ಲನ್ನೇ ಇಡಿಸಿಲ್ಲ," ಎನ್ನುತ್ತಾರೆ.

ಆ ಬಾಗಿಲಿಲ್ಲದ ಟ್ರಸ್ಟಿಗೆ ಒಂದು ಖಾತೆ ತೆರೆಯುವುದು ಇಷ್ಟು ಕಷ್ಟವೆಂದು ವಕೀಲರು ಹೇಳಿರಲಿಲ್ಲ. ಮೊದಲು ಹೋದದ್ದು ಎಂ.ಸಿ.ಸಿ. ಬಡಾವಣೆಯ, ನಮ್ಮ ಮನೆ ಹತ್ತಿರದ ಬ್ಯಾಂಕಿಗೆ. ಕೌಂಟರಿನ ಹುಡುಗಿ ಕಂಪ್ಯೂಟರನ್ನು ಬಹಳ ಹೊತ್ತು ದಿಟ್ಟಿಸಿ, "ಮೇಡಂ, ಇಂಥದ್ದು ನಮ್ ಸಿಸ್ಟಮ್‌ನಾಗೆ ಬರ್ತಿಲ್ಲ. ಇನ್ಶೂರೆನ್ಸ್ ಮಾಡ್ಸಿದೀರಾ?" ಎಂದಳು. ಆದರೂ ಕೂರಲು ಕುರ್ಚಿ, ತಲೆ ಮೇಲೆ ಎ.ಸಿ. ಸಿಕ್ಕಿತಲ್ಲ, ಅದೂ ಶಿವನ ದಯೆಯೇ. ಎರಡನೆಯವರು ಟ್ರಸ್ಟಿನ ಪತ್ರವನ್ನು ಬೆಂಗಳೂರಿನ ಕಾನೂನು ವಿಭಾಗಕ್ಕೆ ಕಳಿಸಬೇಕೆಂದರು. ಯಾವಾಗ ಬರುತ್ತದೆಂದು ಕೇಳಿದರೆ, "ಹೋಗೋದು ಗ್ಯಾರಂಟಿ ಮೇಡಂ," ಎಂದರು. ಮೂರನೆಯವರೇ ಒಳ್ಳೆಯವರು. 'ಹಿಂಪಡೆಯಲಾಗದ' ಎಂಬ ಆ ಒಂದು ಪದ ಬಿಟ್ಟು ಪತ್ರ ಮಾಡಿಸಿಕೊಂಡು ಬಂದರೆ ಅವತ್ತೇ ಖಾತೆ ತೆರೆಯುತ್ತೇವೆಂದರು.

ಶ್ರಾವಣ ಹತ್ತಿರ ಬರುತ್ತಿತ್ತು. ನಿಜ ಹೇಳುತ್ತೇನೆ, ನನ್ನ ಮನಸ್ಸು ಮೂರನೇ ಬ್ಯಾಂಕಿನ ಕಡೆಗೇ ವಾಲಿತು. ಅತ್ತೆ ಲಿಂಗಪೂಜೆ ಮುಗಿಸಿ ಏಳುವುದನ್ನೇ ಕಾದು, "ಅತ್ತೇ, ಒಂದೇ ಒಂದು ಪದ ರೀ. ತೆಗೆದ್ರೆ ಏನಾಗ್ತೈತೆ?" ಎಂದೆ.

"ಏನೂ ಆಗಲ್ಲವ್ವ. ನೀನೂ ಇವತ್ತು ಸಾರಿಗೆ ಉಪ್ಪು ಹಾಕ್ಬ್ಯಾಡ. ಒಂದೇ ಒಂದು ಚಿಟಿಕಿ ಅಲ್ಲೇನು?"

ಅಲ್ಲಿಗೆ ಮಾತು ಮುಗಿಯಿತು. ಕೊನೆಗೆ ಕೊಕ್ಕನೂರಿಗೆ ಹತ್ತಿರವಾದರೂ ಆಗುತ್ತದೆಂದು ಅತ್ತೆಯನ್ನೂ ಕರೆದುಕೊಂಡು ಹರಿಹರದ ಒಂದು ಸಣ್ಣ ಸಹಕಾರಿ ಬ್ಯಾಂಕಿಗೆ ಹೊರಟೆವು. ಬಸ್ಸಿನಲ್ಲಿ ಮೂವರಿಗೂ ಒಂದೇ ಸಾಲಿನಲ್ಲಿ ಸೀಟು ಸಿಕ್ಕಿದ್ದನ್ನು ನಾನು ಶುಭಶಕುನವೆಂದೇ ಎಣಿಸಿದೆ. ಮ್ಯಾನೇಜರರು ಕನ್ನಡಕ ಏರಿಸಿ ಪತ್ರವನ್ನು ಪೂರ್ತಿ ಓದಿದರು. ಅಷ್ಟು ಬ್ಯಾಂಕು ಸುತ್ತಿದ್ದರಲ್ಲಿ ಪೂರ್ತಿ ಓದಿದವರು ಅವರೊಬ್ಬರೇ. ಆಮೇಲೆ ಅರ್ಜಿಯನ್ನು ಅತ್ತೆಯ ಮುಂದೆ ಸರಿಸಿ, "ದುಡ್ಡು ನಿಮ್ದು ಅಮ್ಮಾರೆ. ತೆಗೆಯಾಕೆ ನಿಮ್ ಸಹಿನೂ ಇರ್ಲಿ, ಹಾಕ್ರಿ," ಎಂದರು.

ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ನಾ ಮುಟ್ಟಲ್ಲಪ್ಪ. ದೇವ್ರಿಗೆ ಕೊಟ್ಟಿದ್ದನ್ನ ಮತ್ತೆ ಕೈಯಾಗ ಹಿಡಿಯಾದು ಎಲ್ಲಾರ ಉಂಟಾ?"

ಕೆಟ್ಟಿತು ಕೆಲಸ ಎಂದುಕೊಂಡೆ. ಯಜಮಾನರು ಫ್ಯಾನಿನ ಕಡೆ ನೋಡತೊಡಗಿದರು. ತಾಯಿಗೆ ಬುದ್ಧಿ ಹೇಳಬೇಕಾದಾಗಲೆಲ್ಲ ಅವರಿಗೆ ಫ್ಯಾನಿನ ಬಗ್ಗೆ ಆಸಕ್ತಿ ಹುಟ್ಟುತ್ತದೆ.

"ನಾಳೆ ಮನಸ್ಸು ಬದಲಾದ್ರೆ ಏನ್ ಮಾಡ್ತೀರಿ?" ಎಂದರು ಮ್ಯಾನೇಜರರು.

"ಬದಲಾಗ್ತೈತೆ ಅಂತನೇ ಹಿಂಗೆ ಬರೆಸಿದ್ದು. ನಾನೇನು ಶರಣೆನಾ? ನಾನೂ ನಮ್ಮಣ್ಣನ ತಂಗಿನೇ."

ಮ್ಯಾನೇಜರರು ಮೇಜು ತಟ್ಟಿ ನಕ್ಕರು. "ನನ್ ಹೆದರಿಕೆನೂ ಅದೇ ಇತ್ತು ನೋಡ್ರಿ. ಕೊಟ್ಟೋರು ಒಂದು ಕಡೆ ಎಳೀತಾರೆ, ಟ್ರಸ್ಟಿಗಳು ಒಂದು ಕಡೆ. ನಡುವೆ ಬ್ಯಾಂಕು ಸಿಕ್ಕಿ ಬೀಳ್ತೈತೆ. ಇವ್ರು ಕೈನೇ ಹಾಕಲ್ಲ ಅಂದ್ಮೇಲೆ ನಂಗೇನು ತ್ರಾಸು? ನೀವಿಬ್ರು ಟ್ರಸ್ಟಿಗಳು ಸಹಿ ಹಾಕ್ರಿ." ಹಾಕಿದೆವು. ಚಹಾ ಕೂಡ ಬಂತು, ಸಕ್ಕರೆ ಸರಿಯಾಗಿತ್ತು.

ಮೊದಲ ಸೋಮವಾರ ಕೊಕ್ಕನೂರಿನ ಗುಡಿಯಲ್ಲಿ ಪಂಕ್ತಿ ಏಳುವಾಗ ಅತ್ತೆ ಕಂಬಕ್ಕೊರಗಿ ನಿಂತು, ಎಲೆ ಎಲೆಯನ್ನೂ ನೋಡಿದರು. ಕಣ್ಣೊರೆಸಿಕೊಂಡದ್ದನ್ನು ನಾನು ನೋಡಲಿಲ್ಲವೆಂದು ತಿಳಿದಿದ್ದಾರೆ. ಆ ಗಳಿಗೆಯಲ್ಲಿ ನನಗೂ ಭಕ್ತಿ ಉಕ್ಕಿತು. ಸಾರು ಒಯ್ದಿದ್ದ ನಮ್ಮ ಮನೆಯ ದೊಡ್ಡ ಸ್ಟೀಲ್ ಬೋಗುಣಿಯನ್ನು, "ಇದೂ ಇಲ್ಲೇ ಇರ್ಲಿ, ದೇವ್ರಿಗೆ," ಎಂದು ಎಲ್ಲರೆದುರು ಘೋಷಿಸಿಬಿಟ್ಟೆ. ನಾಲ್ಕು ಜನ ಭೇಷ್ ಎಂದರು.

ಮುಂದಿನ ಭಾನುವಾರ ನಾದಿನಿಯ ಮನೆಯವರೆಲ್ಲ ತಿಂಡಿಗೆ ಬರುತ್ತಾರೆಂದು ಸುದ್ದಿ ಬಂತು. ಅಷ್ಟು ಜನಕ್ಕೆ ಮಂಡಕ್ಕಿ ನೆನೆಹಾಕಲು ಆ ಬೋಗುಣಿ ಬಿಟ್ಟರೆ ನನಗೆ ಗತಿಯಿಲ್ಲ. ಬಿಲ್ವಪತ್ರೆ ಬಿಡಿಸುತ್ತಿದ್ದ ಅತ್ತೆಯ ಪಕ್ಕ ಕೂತು, "ಅತ್ತೇ, ಕೊಕ್ಕನೂರಿಂದ ಯಾರಾದ್ರೂ ಈ ಕಡೆ ಬರೋರಿದ್ರೆ, ಆ ಬೋಗುಣಿ... ಒಂದು ದಿನದ ಮಟ್ಟಿಗೆ..." ಎಂದೆ.

ಅತ್ತೆ ತಲೆಯೆತ್ತಲಿಲ್ಲ. "ಮೂರನೇ ಬ್ಯಾಂಕಿಗೆ ಹೋಗಿ ಕೇಳವ್ವ," ಎಂದರು.

ಭಾನುವಾರ ಬೆಳಗ್ಗೆ ನಾನು ಇದ್ದ ಎರಡು ಸಣ್ಣ ಪಾತ್ರೆಗಳಿಗೆ ನೀರು ತುಂಬಿ, ಸ್ವಲ್ಪ ಸ್ವಲ್ಪವಾಗಿ ಮಂಡಕ್ಕಿ ನೆನೆಸಿ ಹಿಂಡತೊಡಗಿದೆ. ಪುಣ್ಯಕ್ಕೆ ಯಾರ ಫೋನೂ ಬರಲಿಲ್ಲ.